ಕಾಲ್ವೆಲ್ ತೆರೆದ ಅರ್ಧ ಬಾಗಿಲು

ಆಸ್ಟ್ರೇಲಿಯಾದ ವಲಸೆ ಚರ್ಚೆಯಲ್ಲಿ ಆರ್ಥರ್ ಕಾಲ್ವೆಲ್ ಅವರ ಹೆಸರನ್ನು ಎರಡೂ ಪಾಳೆಯದವರು ಎತ್ತುತ್ತಾರೆ. ಇಂದಿನ ಬಹುಜನಾಂಗೀಯ ದೇಶಕ್ಕೆ ತಳಪಾಯ ಹಾಕಿದವರು ಅವರೆಂದು ಕೆಲವರು ಹೇಳಿದರೆ, ಬಿಳಿಯರಲ್ಲದವರನ್ನು ಒಳಗೆ ಬಿಡದ 'ಬಿಳಿಯ ಆಸ್ಟ್ರೇಲಿಯಾ' ನೀತಿಯ ಹಟಮಾರಿ ಕಾವಲುಗಾರರೆಂದು ಉಳಿದವರು ಹೇಳುತ್ತಾರೆ. ಎರಡಕ್ಕೂ ಆಧಾರ ಸಿಗುವುದು ಅವರು ವಲಸೆ ಸಚಿವರಾಗಿದ್ದ 1945ರಿಂದ 1949ರವರೆಗಿನ ಅದೇ ನಾಲ್ಕು ವರ್ಷಗಳಲ್ಲಿ.

ಆ ನೀತಿ ಅವರು ಹುಟ್ಟುಹಾಕಿದ್ದಲ್ಲ. ಬೇಡವಾದವರಿಗೆ ಯುರೋಪಿನ ಯಾವುದೋ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಟ್ಟು, ತಪ್ಪಿದೊಡನೆ ಹಿಂದಕ್ಕಟ್ಟುವ ಏರ್ಪಾಟು 1901ರ ಕಾಯ್ದೆಯಲ್ಲೇ ಇತ್ತು. ಮೆಲ್ಬರ್ನ್‌ನಲ್ಲಿ ಸರ್ಕಾರಿ ಗುಮಾಸ್ತರಾಗಿದ್ದ ಕಾಲ್ವೆಲ್ 1940ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತಿಗೆ ಬಂದು, 1945ರಲ್ಲಿ ದೇಶದ ಮೊದಲ ವಲಸೆ ಸಚಿವರಾದರು. ಉತ್ತರ ತೀರದ ಡಾರ್ವಿನ್ ಪಟ್ಟಣದ ಮೇಲೆ ಜಪಾನ್ ಬಾಂಬು ಸುರಿಸಿ ಆಗಿನ್ನೂ ಮೂರೇ ವರ್ಷಗಳಾಗಿದ್ದವು. ಜನರಿಲ್ಲದ ನೆಲವನ್ನು ಕಾಯುವುದು ಹೇಗೆಂಬ ಭಯ ಎಲ್ಲೆಡೆ ಇತ್ತು.

ಬ್ರಿಟನ್ನಿನಿಂದ ಬೇಕಾದಷ್ಟು ಜನ ಬರಲಾರರೆಂದು ಕಂಡಾಗ ಅವರು ಯುರೋಪಿನ ನಿರಾಶ್ರಿತರ ಶಿಬಿರಗಳತ್ತ ತಿರುಗಿದರು. 1947ರ ನವೆಂಬರಿನಲ್ಲಿ ಬಂದಿಳಿದ ಮೊದಲ ತಂಡದಲ್ಲಿದ್ದವರು ಬಾಲ್ಟಿಕ್ ನಾಡುಗಳ ಯುವಜನರು. ಸ್ಥಳೀಯರು ಮುಖ ಸಿಂಡರಿಸದಿರಲೆಂದು ಮೈಬಣ್ಣ, ಕೂದಲಿನ ಬಣ್ಣಗಳನ್ನೂ ನೋಡಿ ಆರಿಸಲಾಗಿತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಇದಕ್ಕಿಂತ ಹೆಚ್ಚಿನದೇನೂ ನಡೆಯುವುದಿಲ್ಲ. ಸರ್ಕಾರ ತೋರಿಸಿದ ಕೆಲಸವನ್ನು ಎರಡು ವರ್ಷ ಮಾಡುವ ಕರಾರಿನ ಮೇಲೆ ಹೀಗೆ ಬಂದವರು ಕೆಲವೇ ವರ್ಷಗಳಲ್ಲಿ ಸುಮಾರು 1.7 ಲಕ್ಷ.

ಅದೇ ಸಚಿವರು, ಯುದ್ಧಕಾಲದಲ್ಲಿ ಆಶ್ರಯ ಪಡೆದಿದ್ದ ಏಷ್ಯನ್ನರನ್ನು ಮಾತ್ರ ಹೊರಡಿಸಲೇಬೇಕೆಂದು ಪಟ್ಟು ಹಿಡಿದರು. ಇಂದಿನ ಇಂಡೊನೇಷ್ಯಾದ ದ್ವೀಪವೊಂದರಿಂದ ಮಕ್ಕಳೊಡನೆ ಬಂದು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಆಸ್ಟ್ರೇಲಿಯಾದವರನ್ನೇ ಮರುಮದುವೆಯಾಗಿದ್ದ ಆನಿ ಓಕೀಫ್ ಹೈಕೋರ್ಟಿಗೆ ಹೋದರು. ಒಳಬಂದಾಗ ಆಕೆಯನ್ನು ನಿಷೇಧಿತ ವಲಸಿಗಳೆಂದು ಘೋಷಿಸಿಯೇ ಇರಲಿಲ್ಲವಾದ್ದರಿಂದ ನ್ಯಾಯಾಲಯ 1949ರ ಮಾರ್ಚಿನಲ್ಲಿ ಆಕೆಯ ಪರ ನಿಂತಿತು. ಇಂಥವರನ್ನು ಹೊರಡಿಸುವ ಅಧಿಕಾರಕ್ಕಾಗಿ ಸರ್ಕಾರ ಅದೇ ವರ್ಷ ಹೊಸ ಕಾಯ್ದೆ ತಂದಿತು. ಡಿಸೆಂಬರಿನಲ್ಲಿ ಚುನಾವಣೆ ಸೋತಿತು. ಇಷ್ಟಾಗಿಯೂ ಕಾಲ್ವೆಲ್ ಅವರಿಗೆ ಮೆಲ್ಬರ್ನ್‌ನ ಚೀನೀಯರಲ್ಲಿ ಗೆಳೆಯರಿದ್ದರು, ಚೀನೀ ಭಾಷೆಯನ್ನೂ ಅವರು ಕಲಿತಿದ್ದರು ಎಂಬುದು ಈ ಕಥೆಯ ವಿಚಿತ್ರ ಗಂಟು.

ಮುಂದಿನದು ಸೋಲಿನ ಸರಣಿ. 1960ರಲ್ಲಿ ಪಕ್ಷದ ನಾಯಕರಾದವರು 1961ರ ಚುನಾವಣೆಯನ್ನು ಕೂದಲೆಳೆಯಲ್ಲಿ ಸೋತರು, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದರು. 1966ರ ಜೂನಿನಲ್ಲಿ ಸಿಡ್ನಿಯ ಮಾಸ್ಮನ್‌ನಲ್ಲಿ ಸಭೆ ಮುಗಿಸಿ ಕಾರಿನಲ್ಲಿ ಕುಳಿತಿದ್ದಾಗ ಯುವಕನೊಬ್ಬ ಹಾರಿಸಿದ ಗುಂಡಿಗೆ ಕಿಟಕಿಯ ಗಾಜು ಒಡೆದು ಮುಖಕ್ಕೆ ಚುಚ್ಚಿತು. ಆತನನ್ನು ಅವರು ಕ್ಷಮಿಸಿದರು. 1965ರಲ್ಲಿ, ಅವರೇ ನಾಯಕರಾಗಿದ್ದಾಗ, ಪಕ್ಷ ತನ್ನ ಕಾರ್ಯಕ್ರಮದಿಂದ 'ಬಿಳಿಯ ಆಸ್ಟ್ರೇಲಿಯಾ' ಎಂಬ ಮಾತನ್ನು ತೆಗೆದುಹಾಕಿತ್ತು. 1972ರ ಆತ್ಮಕಥೆಯಲ್ಲೂ ಅವರು ಹಳೆಯ ನೀತಿಯನ್ನೇ ಸಮರ್ಥಿಸಿದರು. ಮರುವರ್ಷ ಜುಲೈನಲ್ಲಿ ತೀರಿಕೊಂಡರು. ವಲಸೆಯ ಆಯ್ಕೆಯಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಅವರದೇ ಪಕ್ಷದ ಸರ್ಕಾರ ಕೈಬಿಟ್ಟದ್ದೂ 1973ರಲ್ಲೇ.