ಡೈರೆಕ್ಟರಿಯವರು ವರ್ಷಕ್ಕೆ 18,000 ಕೇಳ್ತಿದ್ದಾರೆ, ಕೊಡಲಾ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಯುನಿಟ್. ಹನ್ನೆರಡು ಮಷೀನ್ ಇವೆ. ಖರ್ಚೆಲ್ಲ ಕಳೆದು ಪ್ಯಾಂಟಿಗೆ 20 ರೂಪಾಯಿ ಉಳಿದರೆ ಹೆಚ್ಚು. ಒಂದು ಆನ್‌ಲೈನ್ ಡೈರೆಕ್ಟರಿಯವರು (ಅಂಗಡಿಗಳ ಹೆಸರು, ನಂಬರ್ ಪಟ್ಟಿ ಮಾಡಿ ತೋರಿಸೋ ವೆಬ್‌ಸೈಟ್) ಒಂದು ವಾರದಿಂದ ಫೋನ್ ಮಾಡ್ತಾನೇ ಇದ್ದಾರೆ. ವರ್ಷಕ್ಕೆ 18,000 ರೂಪಾಯಿ, ಜಿಎಸ್‌ಟಿ ಬೇರೆ. ನಮ್ಮ ಹೆಸರು ಮೇಲೆ ಬರುತ್ತಂತೆ, ಗಿರಾಕಿಗಳು ತಾವೇ ಹುಡುಕಿಕೊಂಡು ಬರ್ತಾರಂತೆ. ಕೊಡಬಹುದಾ?

ಉತ್ತರ: ಈಗಲೇ ಬೇಡ. ಯಾವತ್ತೂ ಬೇಡ ಅಂತಲೂ ಹೇಳುವುದಿಲ್ಲ.

ಮೊದಲು ನನ್ನ ಕಥೆ ಕೇಳಿ. ಕೊಪ್ಪಳದಲ್ಲಿ ನಮ್ಮ ಭಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಇಂಥದ್ದೇ ಒಂದು ಡೈರೆಕ್ಟರಿಗೆ ದುಡ್ಡು ಕಟ್ಟಿಸಿದವನು ನಾನೇ. ಕಟ್ಟಿದ ಮೇಲೆ ಬುದ್ಧಿ ಬಂದು, ಫೋನಿನ ಪಕ್ಕ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟೆವು. ಯಾರು ಫೋನ್ ಮಾಡಿದರು, ಯಾವ ಊರು, ಏನು ಕೇಳಿದರು ಅಂತ ಬರೆಯೋದು. ಮೂರು ತಿಂಗಳಲ್ಲಿ 31 ಕರೆ. ಅದರಲ್ಲಿ 14 ಜನ ವೈಂಡಿಂಗ್ ವೈರ್, ಸಾಲ, ಇನ್ಶೂರೆನ್ಸ್ ಮಾರುವವರು. ಒಂಬತ್ತು ಜನ ಬೇರೆ ಯಾವುದೋ ಜಿಲ್ಲೆಯವರು. ಆರು ಜನ ಸುಮ್ನೆ ರೇಟ್ ಕೇಳಿ ಇಟ್ಟರು. ಅಂಗಡಿಗೆ ಬಂದವರು ಇಬ್ಬರು. ಅವರಲ್ಲಿ ಒಬ್ಬರು ಪಕ್ಕದ ಓಣಿಯವರೇ, ನಂಬರ್ ಕಳೆದುಕೊಂಡಿದ್ದರಷ್ಟೇ.

"ಅಲ್ಲೋ ತಮ್ಮಾ, ನಮ್ಮ ಕಡಿಂದ ಮಾಡಿಸ್ಕೊಳ್ಳೋರಕಿಂತ ನಮಗ ಮಾರೋರೇ ಭಾಳ ಆದರಲ್ಲ" ಅಂದರು ಭಾವ.

ತಪ್ಪು ಡೈರೆಕ್ಟರಿಯದ್ದು ಮಾತ್ರ ಅಲ್ಲ, ನನ್ನದೂ ಇತ್ತು. ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತ ಫೋನಿನಲ್ಲಿ ಹುಡುಕುತ್ತಾ ಕೂರುತ್ತಾನಾ? ಪಕ್ಕದ ಹೊಲದವರನ್ನು ಕೇಳುತ್ತಾನೆ. ಮೋಟಾರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಸೀದಾ ಅಂಗಡಿಗೆ ಬರುತ್ತಾನೆ. ಕೇಳೋಕೆ ಪರಿಚಯದವರು ಇಲ್ಲದವನೇ ಡೈರೆಕ್ಟರಿ ತೆರೆಯೋದು.

ನಿಮ್ಮ ವ್ಯಾಪಾರದಲ್ಲಿ ಅಂಥವರು ಇದ್ದಾರೆ, ಅದಕ್ಕೇ ಪೂರ್ತಿ ಬೇಡ ಅನ್ನಲಿಲ್ಲ. ಹೊಸದಾಗಿ ಬಟ್ಟೆ ಅಂಗಡಿ ಇಟ್ಟ ಸೊಲ್ಲಾಪುರದವರಿಗೋ ಕರ್ನೂಲಿನವರಿಗೋ ಬಳ್ಳಾರಿ ಜೀನ್ಸ್ ಅಂದರೆ ಗೊತ್ತು, ಆದರೆ ಬಳ್ಳಾರಿಯಲ್ಲಿ ಯಾರೂ ಗೊತ್ತಿಲ್ಲ. ಅವರು ಹುಡುಕುತ್ತಾರೆ. ಎಲ್ಲಿ ಹುಡುಕುತ್ತಾರೆ ಅನ್ನೋದಷ್ಟೇ ಪ್ರಶ್ನೆ. ನೀವೇ ಆ ವ್ಯಾಪಾರಿ ಅಂದುಕೊಂಡು, ಬೇರೆಯವರ ಫೋನಿನಲ್ಲಿ ಬಳ್ಳಾರಿ ಜೀನ್ಸ್ ಹೋಲ್‌ಸೇಲ್ ಅಂತ ಗೂಗಲ್ ಮಾಡಿ ನೋಡಿ. ನಿಮಗೆ ಫೋನ್ ಮಾಡುತ್ತಿರುವ ಡೈರೆಕ್ಟರಿ ಮೊದಲ ಪುಟದಲ್ಲಿ ಕಾಣದಿದ್ದರೆ ಅದರೊಳಗೆ ನಿಮ್ಮ ಹೆಸರು ಎಷ್ಟು ಮೇಲಿದ್ದರೇನು?

ಈಗ ಲೆಕ್ಕ. 18,000ಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 21,240. ಪ್ಯಾಂಟಿಗೆ 20 ರೂಪಾಯಿಯಂತೆ, ಬರೀ ಹಾಕಿದ ದುಡ್ಡು ವಾಪಸ್ ಬರೋಕೆ 1,062 ಪ್ಯಾಂಟ್ ಹೋಗಬೇಕು. ಜಿಎಸ್‌ಟಿಯಲ್ಲಿ ರೆಗ್ಯುಲರ್ ಆಗಿದ್ದರೆ ಆ 3,240 ರೂಪಾಯಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹೊಂದಿಸಿಕೊಳ್ಳಬಹುದು, ಆಗ 900 ಪ್ಯಾಂಟ್ ಸಾಕು. ಕಾಂಪೋಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟೋ ಪದ್ಧತಿ) ಆ ಮಾತಿಲ್ಲ. ಆ ಪ್ಯಾಂಟ್‌ಗಳೂ ಹೊಸ ಗಿರಾಕಿಗೆ, ನಗದಿಗೆ ಹೋಗಬೇಕು. ಉದ್ರಿಗೆ ಕೊಟ್ಟು ಅವರ ಹಿಂದೆ ಆರು ತಿಂಗಳು ಓಡಾಡೋ ಆರ್ಡರನ್ನು ಇದರಲ್ಲಿ ಸೇರಿಸಬೇಡಿ.

ಇಂಥ ಡೈರೆಕ್ಟರಿಗಳಲ್ಲಿ ಹೆಸರಾದ ಜಸ್ಟ್‌ಡಯಲ್, ಇಂಡಿಯಾಮಾರ್ಟ್ ಎರಡೂ 1996ರಲ್ಲಿ ಶುರುವಾದವು. ಜನ ನಿಜಕ್ಕೂ ಅಲ್ಲಿಗೆ ಹೋಗಿ ಹುಡುಕುತ್ತಾರೆ. ಹೆಸರು ಸೇರಿಸೋದು ಅಲ್ಲಿ ಫ್ರೀ, ದುಡ್ಡು ಕೇಳೋದು ಮೇಲೆ ತೋರಿಸೋಕೆ, ಗಿರಾಕಿಗಳ ವಿಚಾರಣೆ ನಿಮಗೆ ಕಳಿಸೋಕೆ. ಆದರೆ ಇಂಥ ಕಡೆ ಒಂದು ವಿಚಾರಣೆ ಸಾಮಾನ್ಯವಾಗಿ ನಿಮಗೊಬ್ಬರಿಗೇ ಬರೋದಿಲ್ಲ, ಇನ್ನೂ ಕೆಲವರಿಗೆ ಹೋಗುತ್ತದೆ. ಮೊದಲು ಫೋನ್ ಎತ್ತಿದವರಿಗೆ ಲಾಭ. ಮಷೀನ್ ಸದ್ದಿನಲ್ಲಿ ರಿಂಗ್ ಕೇಳಿಸದೆ ಸಂಜೆ ಮಿಸ್ಡ್ ಕಾಲ್ ನೋಡೋರಾದರೆ ದುಡ್ಡು ದಂಡ.

ಇನ್ನೊಂದು ಜಾತಿಯವರಿದ್ದಾರೆ. ಐನೂರು ಡೈರೆಕ್ಟರಿಗಳಲ್ಲಿ ನಿಮ್ಮ ಲಿಂಕ್ ಹಾಕ್ತೀವಿ, ಗೂಗಲ್‌ನಲ್ಲಿ ಮೇಲೆ ಬರ್ತೀರಿ ಅಂತಾರೆ. ಇವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಡೈರೆಕ್ಟರಿಗಳಲ್ಲಿ ಲಿಂಕ್ ಇದ್ದರೆ ಗೂಗಲ್‌ನಲ್ಲಿ ಮೇಲೇರಬಹುದಾಗಿದ್ದ ಹಳೇ ಕಾಲದ ಆಟ ಇದು. ಆಗ ಯಾಹೂ ಡೈರೆಕ್ಟರಿ ವ್ಯಾಪಾರದ ಸೈಟ್‌ಗಳಿಂದ ವರ್ಷಕ್ಕೆ 299 ಡಾಲರ್ ತೆಗೆದುಕೊಳ್ಳುತ್ತಿತ್ತು. ಅದು 2014ರ ಕೊನೆಗೆ ಮುಚ್ಚಿತು. 1998ರಿಂದ ಸ್ವಯಂಸೇವಕರು ಪುಕ್ಕಟೆ ನಡೆಸಿದ ಡಿಮಾಜ್ ಅನ್ನೋ ಡೈರೆಕ್ಟರಿ ಕೂಡ 2017ರಲ್ಲಿ ಬಾಗಿಲು ಹಾಕಿತು. 2012ರಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆ ತಂದು, ಇಂಥ ಲಿಂಕ್‌ಗಳಿಂದ ಮೇಲೇರಿದ್ದ ಸೈಟ್‌ಗಳನ್ನು ಗೂಗಲ್ ಕೆಳಗೆ ತಳ್ಳಿತು. ಮೇಲೆ ಬರೋಕೆ ದುಡ್ಡು ಕೊಟ್ಟು ಲಿಂಕ್ ಹಾಕಿಸೋದು ಇವತ್ತಿಗೂ ಅದರ ನಿಯಮಕ್ಕೆ ವಿರುದ್ಧ.

ಹಾಗಾದರೆ ಈಗ ಏನು ಮಾಡೋದು? ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಅದು ಪೂರ್ತಿ ಉಚಿತ. (ದುಡ್ಡು ಕಟ್ಟದಿದ್ದರೆ ಮ್ಯಾಪಿನಿಂದ ನಿಮ್ಮ ಅಂಗಡಿ ತೆಗೀತೀವಿ ಅಂತ ಫೋನ್ ಬಂದರೆ ಸುಳ್ಳು, ಓಟಿಪಿ ಅಂತೂ ಹೇಳಲೇಬೇಡಿ.) ಬೋರ್ಡಿನಲ್ಲಿರುವ ಹೆಸರನ್ನೇ ಹಾಕಿ. ವಿವರಣೆಯಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ಎರಡೂ ರೀತಿ ಇರಲಿ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬಳ್ಳಾರಿ ಆಗಿದ್ದರೂ ಹೊರಗಿನವರು ಇನ್ನೂ ಬೆಲ್ಲಾರಿ ಅಂತಲೇ ಟೈಪ್ ಮಾಡ್ತಾರೆ. ಫೋಟೋ ಹಾಕುವಾಗ ಇಂಟರ್‌ನೆಟ್ಟಿನ ಮಾಡೆಲ್ ಚಿತ್ರ ಬೇಡ. ನಿಮ್ಮದೇ ಟೇಬಲ್ ಮೇಲೆ ಪ್ಯಾಂಟನ್ನು ಉಲ್ಟಾ ಮಾಡಿ, ಒಳಗಿನ ಹೊಲಿಗೆ, ಜಿಪ್, ಜೇಬಿನ ಬಟ್ಟೆ ಕಾಣುವಂತೆ ತೆಗೆಯಿರಿ. ಹೋಲ್‌ಸೇಲ್ ಗಿರಾಕಿ ಮೊದಲು ನೋಡೋದು ಅದನ್ನೇ ಅಲ್ವಾ?

ಮೂರು ತಿಂಗಳು ಹೀಗೆ ಮಾಡಿ, ಬಂದ ಕರೆ ಬರೆದಿಡಿ. ದೂರದೂರಿಂದ ಕೇಳುವವರು ಇದ್ದಾರೆ ಅಂತ ಕಂಡರೆ ಆಗ ಡೈರೆಕ್ಟರಿ ಯೋಚಿಸಿ. ಅದಕ್ಕಂತಲೇ ಬೇರೆ ಸಿಮ್ ಇಡಿ, ಯಾವ ಕರೆ ಎಲ್ಲಿಂದ ಬಂತು ಗೊತ್ತಾಗುತ್ತದೆ. ವರ್ಷದ್ದು ಬೇಡ, ಮೂರು ತಿಂಗಳ ಪ್ಯಾಕೇಜ್ ಕೇಳಿ. ಫೋನಿನಲ್ಲಿ ಹೇಳಿದ್ದನ್ನೆಲ್ಲ ವಾಟ್ಸಾಪಿನಲ್ಲಿ ಬರೆದು ಕಳಿಸಿ ಅನ್ನಿ. ಅರ್ಧ ಮಾತು ಅಲ್ಲೇ ಕಮ್ಮಿ ಆಗುತ್ತದೆ.

ಸಹಿ ಮಾಡುವ ಮುಂಚೆ ಆಟೋ ಡೆಬಿಟ್ ಇದೆಯಾ ಅಂತ ನೋಡಿ. ನಾವು ನೋಡಿರಲಿಲ್ಲ. ಎರಡನೇ ವರ್ಷವೂ ಭಾವನ ಖಾತೆಯಿಂದ ದುಡ್ಡು ಕಟ್ಟಾಯಿತು. ಬ್ಯಾಂಕಿಗೆ ಹೋಗಿ ಅರ್ಜಿ ಬರೆದುಕೊಟ್ಟು ಮ್ಯಾಂಡೇಟ್ ನಿಲ್ಲಿಸಿ ಬಂದೆವು, ಹೋದದ್ದು ಹೋಯಿತು. ಆ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಭಾವ ಈಗ ರಿಪೇರಿಗೆ ಬಂದ ಮೋಟಾರ್‌ಗಳ ಲೆಕ್ಕ ಬರೆಯುತ್ತಾರೆ.