ಪಾಲಿಲ್ಲದವರನ್ನು ಸಹಭಾಗಿ ಎನ್ನಬೇಡಿ

‘ಸ್ಥಳೀಯರ ಸಹಭಾಗಿತ್ವದಲ್ಲಿ ಆರೋಗ್ಯ ಶಿಬಿರ ನಡೆಯಿತು.’ ವಿದೇಶಿ ನೆರವಿನ ಯೋಜನೆಗಳ ವರದಿಗಳಲ್ಲಿ ಈ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಮುಂದೆ ಓದಿದರೆ, ಸ್ಥಳೀಯರು ಜಾಗ ಬಿಟ್ಟುಕೊಟ್ಟಿರುತ್ತಾರೆ, ಡಾಕ್ಟರ ಮಾತನ್ನು ರೋಗಿಗೆ ತಿಳಿಸಿ ಹೇಳಿರುತ್ತಾರೆ, ಸಾಲಿನಲ್ಲಿ ನಿಂತಿರುತ್ತಾರೆ. ಅದು ಸಹಕಾರ. ಸಹಭಾಗಿತ್ವ ಬೇರೆ.

ಗೊಂದಲಕ್ಕೆ ಕಾರಣ ‘ಭಾಗವಹಿಸು’ ಎಂಬ ಕ್ರಿಯಾಪದ. ಸಭೆಯಲ್ಲಿ ಭಾಗವಹಿಸಲು ಹೋಗಿ ಕೂತರೆ ಸಾಕು. ಹಾಗಾಗಿ ಬಂದವರೆಲ್ಲ ಸಹಭಾಗಿಗಳು ಎಂಬ ಅಭ್ಯಾಸ ಬಿದ್ದಿದೆ. ಆದರೆ ಸಂಸ್ಕೃತದ ‘ಭಜ್’ ಧಾತುವಿಗೆ ಹಂಚು ಎಂಬ ಅರ್ಥವಿದೆ. ಹಂಚಿದ್ದು ಭಾಗ, ಭಾಗ ಉಳ್ಳವನು ಭಾಗಿ, ಜೊತೆಗೆ ಭಾಗ ಉಳ್ಳವನು ಸಹಭಾಗಿ. ಹಂಚಿಕೆಯೇ ಆಗದಿದ್ದರೆ ಭಾಗ ಎಲ್ಲಿಂದ ಬರಬೇಕು? ‘ಪಾಲುದಾರ’ ಇನ್ನೂ ಸ್ಪಷ್ಟ. ಪಾಲು ದ್ರಾವಿಡ ಪದ. ಪಾರ್ಸಿಯಿಂದ ಬಂದ ‘ದಾರ’ ಎಂದರೆ ಹಿಡಿದವನು, ಉಳ್ಳವನು. ಆಸ್ತಿ ಪಾಲಾಗುವಾಗ ಈ ಅರ್ಥ ಯಾರಿಗೂ ತಪ್ಪುವುದಿಲ್ಲ. ಪತ್ರಕ್ಕೆ ಸಾಕ್ಷಿ ಹಾಕಿದವನನ್ನು ಪಾಲುದಾರ ಎಂದು ಯಾರೂ ಕರೆಯುವುದಿಲ್ಲ.

ಆರೋಗ್ಯ ಯೋಜನೆಯಲ್ಲಿ ಹಂಚಬೇಕಾದದ್ದು ತೀರ್ಮಾನ, ಹಣದ ಮೇಲಿನ ಹಿಡಿತ, ತಪ್ಪಾದಾಗ ಉತ್ತರ ಹೇಳುವ ಹೊಣೆ. ಆರೋಗ್ಯ ಸೇವೆಯನ್ನು ಯೋಜಿಸುವುದರಲ್ಲೂ ಜನರಿಗೆ ಹಕ್ಕಿದೆ ಎಂದು ಪ್ರಾಥಮಿಕ ಆರೋಗ್ಯದ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದ 1978ರ ಆಲ್ಮಾ ಆಟಾ ಘೋಷಣೆಯೇ ಹೇಳಿತ್ತು. ನೆರವಿನ ಕುರಿತ 2005ರ ಪ್ಯಾರಿಸ್ ಘೋಷಣೆ, ನೆರವು ಪಡೆಯುವ ದೇಶದ ಒಡೆತನವನ್ನೇ ಮೊದಲ ತತ್ತ್ವವಾಗಿ ಇಟ್ಟಿತು.

ಈ ಪದ ಸರಿಯಾಗಿ ಒಪ್ಪುವ ಒಂದು ಕೆಲಸವಿದೆ. ಆಫ್ರಿಕಾದಲ್ಲಿ ಕಪ್ಪು ನೊಣದ ಕಡಿತದಿಂದ ಹರಡುವ ಹುಳುವಿನಿಂದ ಬರುವ ‘ನದಿ ಕುರುಡು’ ರೋಗಕ್ಕೆ ಐವರ್ಮೆಕ್ಟಿನ್ ಮಾತ್ರೆ ಇದೆ. ಅದು ದೇಹದೊಳಗಿನ ಮರಿಹುಳುಗಳನ್ನು ಕೊಲ್ಲುತ್ತದೆ. ದೊಡ್ಡ ಹುಳು ಸಾಯುವುದಿಲ್ಲ, ಹತ್ತಕ್ಕೂ ಹೆಚ್ಚು ವರ್ಷ ಬದುಕಬಲ್ಲದು. ಹಾಗಾಗಿ ವರ್ಷ ವರ್ಷವೂ ಮಾತ್ರೆ ನುಂಗಬೇಕು. ಹೊರಗಿನ ತಂಡ ಅಷ್ಟು ಕಾಲ ಪ್ರತಿ ಹಳ್ಳಿಗೂ ಹೋಗುತ್ತಲೇ ಇರುವುದು ಆಗದ ಮಾತು. 1995ರಲ್ಲಿ ಶುರುವಾದ ಆಫ್ರಿಕನ್ ಕಾರ್ಯಕ್ರಮ ಮಾತ್ರೆ ಹಂಚುವುದನ್ನು ಹಳ್ಳಿಗಳಿಗೇ ಬಿಟ್ಟಿತು. ಯಾರು ಹಂಚಬೇಕು, ಯಾವಾಗ, ಹೇಗೆ ಎಂಬುದನ್ನು ಊರವರೇ ಕೂತು ಗೊತ್ತು ಮಾಡಿಕೊಂಡರು. 2015ರಲ್ಲಿ ಕಾರ್ಯಕ್ರಮ ಮುಚ್ಚಿತು. ಮಾತ್ರೆ ಹಂಚುವುದು ನಿಲ್ಲಲಿಲ್ಲ.

ಇಲ್ಲೇ, ‘ಸಸ್ಟೇನಬಲ್’ಗೆ ನಾವು ಬಳಸುವ ‘ಸುಸ್ಥಿರ’ವನ್ನೂ ಸರಿಪಡಿಸಿಕೊಳ್ಳಬೇಕು. ಇಂಗ್ಲಿಷಿನ ‘ಸಸ್ಟೇನ್’ ಲ್ಯಾಟಿನ್‌ನಿಂದ ಬಂದದ್ದು, ಕೆಳಗಿನಿಂದ ಎತ್ತಿ ಹಿಡಿ ಎಂದು ಅದರ ಮೂಲಾರ್ಥ. ನಮ್ಮ ‘ಸ್ಥಿರ’ದಲ್ಲಿರುವ ಧಾತು ‘ಸ್ಥಾ’, ನಿಲ್ಲು. ಅನುದಾನವನ್ನು ಇನ್ನೈದು ವರ್ಷ ಮುಂದುವರಿಸಿದರೆ ಯೋಜನೆಯನ್ನು ಎತ್ತಿ ಹಿಡಿದಂತಾಯಿತು, ಅದು ನಿಂತಂತಾಗಲಿಲ್ಲ. ಹಾಗೆಂದು ಹೊರಗಿನ ನೆರವನ್ನು ಪೂರ್ತಿ ಬಿಡುವುದೇ ಸುಸ್ಥಿರತೆ ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಐವರ್ಮೆಕ್ಟಿನ್ ಇಂದಿಗೂ ತಯಾರಕ ಕಂಪನಿಯಿಂದ ಉಚಿತವಾಗಿಯೇ ಬರುತ್ತಿದೆ, 1987ರಲ್ಲಿ ಕೊಟ್ಟ ಮಾತಿನಂತೆ. ಮಾತ್ರೆ ಹೊರಗಿನದು, ಹಂಚುವ ವ್ಯವಸ್ಥೆ ಊರಿನದು. ದಾನವಾಗಿ ಬಂದ ಯಂತ್ರ ಬಿಡಿಭಾಗ ಸಿಗದೆ, ರಿಪೇರಿ ಬಲ್ಲವರಿಲ್ಲದೆ ಮೂಲೆ ಸೇರುವ ಕಡೆ ಈ ಎರಡನೆಯದೇ ಇರುವುದಿಲ್ಲ. ಅಲ್ಲಿ ಯಂತ್ರ ಬೇಕೇ ಎಂದು ಆಸ್ಪತ್ರೆಯವರನ್ನು ಮೊದಲು ಕೇಳಿರುವುದೂ ಅಪರೂಪ.