ಕಾಫಿ ಕ್ಯೂರಿಂಗ್‌ನಲ್ಲಿದೆ, ಚೀಟಿ ಯಾರ ಕೈಯಲ್ಲಿದೆ?

"ನಮ್ಮದೆಲ್ಲ ಕ್ಲೌಡ್‌ನಲ್ಲಿದೆ ಸಾರ್, ಅದಕ್ಕೇನೂ ಆಗಲ್ಲ ಅಲ್ವಾ?"

ಮಡಿಕೇರಿಯ ಹೋಂಸ್ಟೇಯವರು ಕೇಳುತ್ತಾರೆ. ಸಿದ್ದಾಪುರದ ತೋಟದವರು ಕೇಳುತ್ತಾರೆ. ಗೋಣಿಕೊಪ್ಪದ ಕರಿಮೆಣಸಿನ ವ್ಯಾಪಾರಿಗಳೂ ಕೇಳುತ್ತಾರೆ. 14 ವರ್ಷದಿಂದ ಈ ಕೊಡಗು ಜಿಲ್ಲೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದೇನೆ. ಈ ಒಂದು ಪ್ರಶ್ನೆಗೆ ಉತ್ತರ ಹೇಳಿದಷ್ಟು ಬೇರೆ ಯಾವುದಕ್ಕೂ ಹೇಳಿಲ್ಲ. ಹೇಳಿದ ಮೇಲೂ ಮುಂದಿನ ಮಳೆಗಾಲಕ್ಕೆ ಅವರೇ ಮತ್ತೆ ಫೋನ್ ಮಾಡುತ್ತಾರೆ.

ಕ್ಲೌಡ್‌ಗೆ ಹೋದದ್ದು, ಅಂದರೆ ಲೆಕ್ಕ-ದಾಖಲೆಗಳನ್ನು ಇಂಟರ್ನೆಟ್ ಮೂಲಕ ದೊಡ್ಡ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಇಟ್ಟದ್ದು, ತಪ್ಪಲ್ಲ. ಹೋಗಿ ಎಂದು ಎಷ್ಟೋ ಮನೆಗೆ ನಾನೇ ಹೇಳಿದ್ದೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮನೆಯ ಜೊತೆ ಬೀರು, ಬೀರುವಿನ ಜೊತೆ ಕಾಗದಪತ್ರ ಎಲ್ಲ ಹೋಯಿತು. ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಊರು ನಮ್ಮದು. ತೋಟದ ಆಫೀಸಿನಲ್ಲಿ ತಂಡಿ ಹಿಡಿದು ಕೂತ ಒಂದು ಹಳೇ ಕಂಪ್ಯೂಟರಿಗಿಂತ ದೊಡ್ಡ ಕಂಪನಿಯ ಡೇಟಾ ಸೆಂಟರ್ ಎಷ್ಟೋ ಮೇಲು. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ನನಗೆ ತಾಳ್ಮೆ ತಪ್ಪುವುದು "ಅದಕ್ಕೇನೂ ಆಗಲ್ಲ" ಎನ್ನುವ ಮಾತಿಗೆ.

ನೋಡಿ, ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಬೀಜ) ಒಣಗಿಸಿ ಕುಶಾಲನಗರದ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆಗೆ, ಕಳಿಸುತ್ತೀರಿ. ಗೋದಾಮು ಅವರದು. ಸೂರು ಸೋರದಂತೆ ನೋಡುವುದು, ರಾತ್ರಿ ಕಾವಲು ಇಡುವುದು, ಬೆಂಕಿ ಬೀಳದಂತೆ ಎಚ್ಚರ ವಹಿಸುವುದು ಎಲ್ಲ ಅವರ ಕೆಲಸ. ಆದರೆ ನಿಮ್ಮ ಸಹಿ ಇರುವ ಚೀಟಿ ಹಿಡಿದು ಯಾರೋ ಲಾರಿ ತಂದರೆ? ಚೀಟಿ ಸರಿಯಿದೆ, ಸಹಿ ಸರಿಯಿದೆ. ಮೂಟೆ ಲಾರಿ ಹತ್ತುತ್ತದೆ. ಕಾವಲುಗಾರ ನಿದ್ದೆ ಮಾಡಿರಲಿಲ್ಲ, ಬಾಗಿಲು ಒಡೆದಿರಲಿಲ್ಲ. ಕಾಫಿ ಮಾತ್ರ ಇಲ್ಲ.

ಕ್ಲೌಡ್‌ನಲ್ಲಿ ಆಗುವ ಅನಾಹುತಗಳಲ್ಲಿ ನಾನು ಹೆಚ್ಚಾಗಿ ನೋಡಿದ್ದು ಈ ಬಗೆಯದೇ. ಕಂಪನಿಗಳು ಇದನ್ನು ಮುಚ್ಚಿಟ್ಟೂ ಇಲ್ಲ. ಕ್ಲೌಡ್ ಸೇವೆಯನ್ನೂ ಕೊಡುವ ಅಮೆಜಾನ್ ಇದಕ್ಕೆ 'ಶೇರ್ಡ್ ರೆಸ್ಪಾನ್ಸಿಬಿಲಿಟಿ' (ಹಂಚಿಕೊಂಡ ಹೊಣೆ) ಎಂದು ಹೆಸರಿಟ್ಟು ಬರೆದೇ ಇಟ್ಟಿದೆ. ಕಟ್ಟಡ, ಯಂತ್ರ, ಅವುಗಳ ನಡುವಿನ ನೆಟ್‌ವರ್ಕ್ ಅವರ ಹೊಣೆ. ಒಳಗೆ ಏನಿಡುತ್ತೀರಿ, ಯಾರಿಗೆ ತೋರಿಸುತ್ತೀರಿ, ಪಾಸ್‌ವರ್ಡ್ ಯಾರ ಹತ್ತಿರ ಇದೆ ಎನ್ನುವುದು ನಿಮ್ಮ ಹೊಣೆ. ದುಡ್ಡು ಕೊಡುತ್ತೇವಲ್ಲ, ಅದನ್ನೂ ಅವರೇ ನೋಡಲಿ ಎಂದರೆ ನಡೆಯುವುದಿಲ್ಲ. ನಿಮ್ಮ ಚೀಟಿಯನ್ನು ನೀವು ಯಾರಿಗೆ ಕೊಟ್ಟಿರಿ ಎಂದು ಕ್ಯೂರಿಂಗ್‌ನವರಿಗೆ ಗೊತ್ತಾಗುವುದು ಹೇಗೆ?

ದೊಡ್ಡವರಿಗೂ ಇದೇ ಆಗಿದೆ. 2024ರಲ್ಲಿ ಸ್ನೋಫ್ಲೇಕ್ ಎಂಬ ಕ್ಲೌಡ್ ಸೇವೆ ಬಳಸುತ್ತಿದ್ದ ಹಲವು ಸಂಸ್ಥೆಗಳ ಮಾಹಿತಿ ಕಳುವಾಯಿತು. ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್, ಅಮೆರಿಕದ ಫೋನ್ ಕಂಪನಿ ಎಟಿ ಅಂಡ್ ಟಿ ಕೂಡ ಅದರಲ್ಲಿದ್ದವು. ಅಪಾಯ ಇರಬಹುದು ಎಂದು ಎಚ್ಚರಿಕೆ ಹೋದದ್ದು ಸುಮಾರು 165 ಸಂಸ್ಥೆಗಳಿಗೆ. ಕಳ್ಳರು ಸ್ನೋಫ್ಲೇಕ್‌ನ ಗೋಡೆ ಒಡೆದು ಬಂದವರಲ್ಲ. ವೈರಸ್ ಹೊಕ್ಕ ಕಂಪ್ಯೂಟರ್‌ಗಳಿಂದ ಗ್ರಾಹಕರ ಪಾಸ್‌ವರ್ಡ್‌ಗಳು ಮೊದಲೇ ಕಳುವಾಗಿದ್ದವು. ಕೆಲವು ಕಳುವಾಗಿ ವರ್ಷಗಳೇ ಕಳೆದಿದ್ದರೂ ಯಾರೂ ಬದಲಾಯಿಸಿರಲಿಲ್ಲ. ಪಾಸ್‌ವರ್ಡ್ ಆದ ಮೇಲೆ ಫೋನ್‌ನಲ್ಲಿ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆಯನ್ನು ಆ ಖಾತೆಗಳಲ್ಲಿ ಹಾಕಿಯೇ ಇರಲಿಲ್ಲ. ಕಳ್ಳರು ನೇರವಾಗಿ ಮುಂಬಾಗಿಲಿನಿಂದಲೇ ಬಂದರು.

ನಮ್ಮಲ್ಲಿ ಚೀಟಿ ಕೈ ಬಿಟ್ಟು ಹೋಗುವ ರೀತಿ ಇನ್ನೂ ಸರಳ. ಒಂದು ಹೋಂಸ್ಟೇಯಲ್ಲಿ ಅತಿಥಿಗಳ ಆಧಾರ್, ಪಾಸ್‌ಪೋರ್ಟ್ ಪ್ರತಿಗಳನ್ನು ಗೂಗಲ್ ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಹಾಕುತ್ತಿದ್ದರು. ಕೆಲಸದ ಹುಡುಗರಿಗೆ ಸುಲಭವಾಗಲಿ ಎಂದು 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂದು ಇಟ್ಟಿದ್ದರು. ಆ ಲಿಂಕ್ ಅವರ ವಾಟ್ಸಾಪ್ ಗುಂಪಿನಲ್ಲಿತ್ತು. ಗುಂಪಿನಲ್ಲಿ ಕೆಲಸ ಬಿಟ್ಟವರು, ಟ್ಯಾಕ್ಸಿ ಡ್ರೈವರ್‌ಗಳು, ಬುಕಿಂಗ್ ಏಜೆಂಟ್‌ಗಳು ಎಲ್ಲ ಇದ್ದರು. ಮಾಲೀಕರು ಬಹಳ ಒಳ್ಳೆಯವರು. ಅತಿಥಿ ಮರೆತು ಹೋದ ಸ್ವೆಟರನ್ನು ಕೊರಿಯರ್ ಮಾಡಿ ಕಳಿಸುವವರು. ಆ ಫೋಲ್ಡರನ್ನು ನನ್ನ ಸ್ವಂತ ಫೋನಿನಲ್ಲಿ, ಪಾಸ್‌ವರ್ಡ್ ಇಲ್ಲದೆ ತೆರೆದು ತೋರಿಸಿದೆ. ಅವರ ಮುಖ ಸಣ್ಣದಾಯಿತು. ಅವತ್ತೇ ಅದನ್ನು ಮುಚ್ಚಿದೆವು. ಈಗ ಅವರು ಆಧಾರ್‌ನ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೇಳುತ್ತಾರೆ. ಹಳೆಯ ಪ್ರತಿಗಳಲ್ಲಿ ಯಾವುದನ್ನು ಎಷ್ಟು ದಿನ ಇಡಬೇಕು ಎಂಬುದನ್ನು ವಕೀಲರ ಹತ್ತಿರ ಕೇಳಿ ಎಂದಿದ್ದೇನೆ. ಅದು ನಾನು ಹೇಳುವ ವಿಷಯವಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಸರಿಯಾಗಿ ಕಾಪಾಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ಸಣ್ಣ ಹೋಂಸ್ಟೇಗೆ ಅಷ್ಟು ಹಾಕುತ್ತಾರೆ ಎಂದು ಹೆದರಿಸುತ್ತಿಲ್ಲ. ಕಾನೂನು ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ ಎನ್ನುವುದಕ್ಕೆ ಹೇಳಿದೆ.

ಇನ್ನೊಂದು ತೋಟದಲ್ಲಿ ಚೆಕ್‌ರೋಲ್ (ಕೆಲಸಗಾರರ ಹಾಜರಿ), ಕೂಲಿ ಲೆಕ್ಕ ಎಲ್ಲವೂ ಲೆಕ್ಕ ಬರೆಯುವ ರೈಟರ್‌ನ ಸ್ವಂತ ಜಿಮೇಲ್‌ನಲ್ಲಿತ್ತು. ಆತ ಪ್ರಾಮಾಣಿಕ ಮನುಷ್ಯ. ಹುತ್ತರಿ ಹಬ್ಬ ಮುಗಿಸಿ ಬೇರೆ ಕಡೆ ಕೆಲಸಕ್ಕೆ ಹೋದ, ಸಿಮ್ ಬದಲಾಯಿಸಿದ, ಪಾಸ್‌ವರ್ಡ್ ಮರೆತ. ಹಳೇ ನಂಬರಿಗೆ ಬರುವ ಓಟಿಪಿ ಈಗ ಯಾರಿಗೂ ಸಿಗದು. ಯಾರೂ ಮೋಸ ಮಾಡಲಿಲ್ಲ, ಆದರೂ ಎರಡು ವರ್ಷದ ಲೆಕ್ಕ ಹೋಯಿತು. ಖಾತೆ ತೋಟದ ಹೆಸರಿನಲ್ಲಿರಲಿ, ಫೋನ್ ನಂಬರ್ ಮಾಲೀಕರದ್ದಿರಲಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ.

ಸಿಂಕ್ ಆಗುತ್ತಿದೆ (ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದೇ ಕ್ಲೌಡ್‌ನಲ್ಲೂ ಕಾಣುತ್ತಿದೆ) ಎಂದರೆ ಬ್ಯಾಕಪ್ (ಬೇರೆ ಕಾಪಿಟ್ಟ ಪ್ರತಿ) ಇದೆ ಎಂದಲ್ಲ, ಇದನ್ನೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಜೂನ್‌ನಲ್ಲಿ ಅಳಿಸಿದ ಕೊಯ್ಲಿನ ಲೆಕ್ಕವನ್ನು ನಮ್ಮವರು ಹುಡುಕುವುದು ಮುಂದಿನ ಕೊಯ್ಲಿಗೆ, ಡಿಸೆಂಬರ್‌ನಲ್ಲಿ. ತಿಂಗಳಿಗೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕ್‌ಗೆ ಹಾಕಿ, ಕಂಪ್ಯೂಟರಿನಿಂದ ಬಿಡಿಸಿ, ಬೇರೆ ಮನೆಯಲ್ಲಿಡಿ. ದೊಡ್ಡ ವ್ಯವಹಾರದವರಿಗೆ ಇಷ್ಟು ಸಾಲದು, ಅವರ ವ್ಯವಸ್ಥೆ ನೋಡಿಯೇ ಹೇಳಬೇಕು.

ಹೋದ ವರ್ಷ ವಿರಾಜಪೇಟೆ ಹತ್ತಿರದ ಒಂದು ತೋಟದ ಅಜ್ಜಿಗೆ ಈ ಕ್ಯೂರಿಂಗ್ ಚೀಟಿಯ ಮಾತು ಹೇಳಿದೆ. ಎಪ್ಪತ್ತು ದಾಟಿದವರು. ಸುಮ್ನೆ ಕೇಳಿಸಿಕೊಂಡು, "ಹಾಗಾದರೆ ನಮ್ಮ ಚೀಟಿ ಈಗ ಎಷ್ಟು ಜನರ ಕೈಯಲ್ಲಿದೆ, ತೆಗೆದು ತೋರಿಸಿ" ಎಂದರು. ಅಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮೊದಲನೆಯವರು ಅವರೇ. ತೋಟದ ಖಾತೆ ತೆರೆಯಬಲ್ಲವರ ಪಟ್ಟಿ ತೆಗೆದೆ. 11 ಹೆಸರಿದ್ದವು. ಕನ್ನಡಕ ಹಾಕಿಕೊಂಡು ಒಂದೊಂದೇ ಓದಿಸಿದರು. "ಇವನು ದುಬೈಗೆ ಹೋಗಿ ಮೂರು ವರ್ಷ ಆಯ್ತು. ಇವಳಿಗೆ ಮದುವೆ ಆಯ್ತು, ಮೈಸೂರಲ್ಲಿದ್ದಾಳೆ. ಇದು ಯಾರು? ನಂಗೊತ್ತಿಲ್ಲ, ತೆಗೀರಿ." ಕಾಫಿ ಆರುವಷ್ಟರಲ್ಲಿ 3 ಹೆಸರು ಉಳಿದವು. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆಸಿಕೊಂಡು, ಮಡಚಿ, ಜಾಗದ ದಾಖಲೆ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.